ನಾವು ಎಲ್ಲಿದ್ದೇವೆ ಅಂತ ಯಾರಿಗೆಲ್ಲ ಗೊತ್ತು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಫೋನು, ಲೊಕೇಶನ್, ಮೊಬೈಲ್ ನಂಬರ್, ಆಧಾರ್ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ. ಆದ್ದರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನ್ನ ಫೋನಿನಲ್ಲಿ ಲೊಕೇಶನ್ ಯಾವಾಗಲೂ ಆಫ್ ಇರುತ್ತದೆ. ಆದರೂ ವಿಡಿಯೊ ನೋಡುವಾಗ ನಮ್ಮೂರಿನ ಚಿನ್ನದ ಅಂಗಡಿಯ ಜಾಹೀರಾತೇ ಬರುತ್ತದೆ. ಉಪಗ್ರಹದಿಂದ ನಮ್ಮನ್ನು ನೋಡುತ್ತಾ ಇರುತ್ತಾರಾ? (ತುಮಕೂರು)

ಉತ್ತರ: ಇಲ್ಲ. ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಫೋನು ಅನ್ನೋದೊಂದು ಇದೆ ಅಂತಲೇ ಗೊತ್ತಿಲ್ಲ. ಅದು ಬರೀ ಸಮಯ ಮತ್ತು ತಾನಿರುವ ಜಾಗವನ್ನು ಸಾರುತ್ತಾ ಹೋಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಲೆಕ್ಕ ಹಾಕಿ, "ನಾನು ಇಲ್ಲಿದ್ದೇನೆ" ಅಂತ ಕಂಡುಕೊಳ್ಳುವುದು ನಿಮ್ಮ ಫೋನು. ಅಲ್ಲಿಗೆ ಯಾವ ತೊಂದರೆಯೂ ಇಲ್ಲ. ಆ ಲೆಕ್ಕವನ್ನು ಫೋನಿನೊಳಗಿರುವ ಒಂದು ಆ್ಯಪ್ ಇಂಟರ್ನೆಟ್ ಮೂಲಕ ಇನ್ನೊಬ್ಬರಿಗೆ ಕಳಿಸಿದಾಗ ತೊಂದರೆ ಶುರು.

ಲೊಕೇಶನ್ ಆಫ್ ಮಾಡಿದರೂ ಜಾಗ ಗೊತ್ತಾಗುವ ದಾರಿಗಳು ಬೇರೆ ಇವೆ. ಒಂದು ಐಪಿ ವಿಳಾಸ. ಇಂಟರ್ನೆಟ್ ಬಳಸುವಾಗ ನಿಮ್ಮ ಸಂಪರ್ಕಕ್ಕೆ ಸಿಗುವ ಈ ನಂಬರ್ ನೋಡಿ ಯಾವ ಊರಿನ ಆಸುಪಾಸು ಅಂತ ಅಂದಾಜು ಮಾಡುತ್ತಾರೆ. ಮೊಬೈಲ್ ಡೇಟಾದಲ್ಲಿ ಅದು ಎಷ್ಟೋ ಸಲ ತಪ್ಪುತ್ತದೆ, ತುಮಕೂರಿನಲ್ಲಿ ಕೂತವರನ್ನು ಬೆಂಗಳೂರು ಅಂತ ತೋರಿಸುವುದೂ ಉಂಟು. ಇನ್ನೊಂದು ವೈ-ಫೈ. ಸುತ್ತಮುತ್ತ ಯಾವ ಯಾವ ವೈ-ಫೈ ರೂಟರ್‌ಗಳಿವೆ ಅನ್ನುವ ಪಟ್ಟಿ ಸಿಕ್ಕರೆ ಜಾಗ ಹೇಳುವುದು ಸುಲಭ, ಯಾಕೆಂದರೆ ಯಾವ ರೂಟರ್ ಎಲ್ಲಿದೆ ಅನ್ನುವ ದೊಡ್ಡ ದೊಡ್ಡ ಪಟ್ಟಿಗಳನ್ನು ಕಂಪನಿಗಳು ಆಗಲೇ ಮಾಡಿಟ್ಟುಕೊಂಡಿವೆ. ಮೂರನೆಯದು ಮೊಬೈಲ್ ಟವರ್. ಕರೆ ಬರಬೇಕಾದರೆ ನೀವು ಯಾವ ಟವರ್ ಹತ್ತಿರ ಇದ್ದೀರಿ ಅಂತ ನಿಮ್ಮ ಸಿಮ್ ಕಂಪನಿಗೆ ಗೊತ್ತಿರಲೇಬೇಕು. ಅದನ್ನು ನೀವು ಆಫ್ ಮಾಡುವ ಹಾಗಿಲ್ಲ. ಕರೆಗಳ ದಾಖಲೆಯನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಅಂತ ಅವರ ಲೈಸೆನ್ಸ್ ಷರತ್ತಿನಲ್ಲೇ ಇದೆ.

ಇಷ್ಟರ ಮೇಲೆ ಸೆಟ್ಟಿಂಗ್ಸ್‌ನ ಗೊಂದಲ ಬೇರೆ. ಗೂಗಲ್‌ನಲ್ಲಿ ಲೊಕೇಶನ್ ಹಿಸ್ಟರಿ ಆಫ್ ಮಾಡಿದರೂ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಅನ್ನುವ ಇನ್ನೊಂದು ಸೆಟ್ಟಿಂಗ್ ಜಾಗವನ್ನು ಉಳಿಸಿಕೊಳ್ಳುತ್ತಿತ್ತು ಅಂತ 2018ರಲ್ಲಿ ಎಪಿ ಸುದ್ದಿಸಂಸ್ಥೆ ಬಯಲು ಮಾಡಿತು. ಅದರ ಬೆನ್ನಿಗೆ ನಡೆದ ತನಿಖೆಯ ಕೊನೆಗೆ, 2022ರ ನವೆಂಬರ್‌ನಲ್ಲಿ, ಗೂಗಲ್ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಫ್ ಮಾಡಿದ್ದೇನೆ ಅಂತ ನೀವು ನಂಬಿದ್ದು ನಿಮ್ಮ ತಪ್ಪಲ್ಲ. ಆಫ್ ಅಂದರೆ ಆಫ್ ಆಗಿರಬೇಕಾಗಿತ್ತು, ಅಲ್ವಾ? ಈಗ ಗೂಗಲ್ ಖಾತೆಯಲ್ಲಿ ಆ ಸೆಟ್ಟಿಂಗ್ ಅನ್ನೂ ನಿಲ್ಲಿಸಿ. ಫೋನಿನ ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ವೈ-ಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಅಂತ ಇರುತ್ತದೆ, ಅವನ್ನೂ ಆಫ್ ಮಾಡಿ. ಇಷ್ಟಾದರೂ ಊರಿನ ಮಟ್ಟದ ಜಾಹೀರಾತು ಪೂರ್ತಿ ನಿಲ್ಲುವುದಿಲ್ಲ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅನ್ನುತ್ತಾರೆ. ಕೊಟ್ಟರೆ ವಾರವಿಡೀ ಮೆಸೇಜು. ಕೊಡಲೇಬೇಕಾ? (ಹುಬ್ಬಳ್ಳಿ)

ಉತ್ತರ: ಬೇಡ. ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯ ಮಾಡಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ತಿಳಿಸಿದೆ. "ಇಲ್ಲ, ಬಿಲ್ ಪ್ರಿಂಟ್ ಕೊಡಿ" ಅಂತ ಹೇಳಿ ನೋಡಿ. ಕೌಂಟರ್‌ನಲ್ಲಿರುವ ಹುಡುಗನ ಮೇಲೆ ಸಿಟ್ಟು ಮಾಡಬೇಡಿ, ಅವನಿಗೆ ಮೇಲಿನವರು ಹೇಳಿರುತ್ತಾರೆ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಲಾಡ್ಜ್ ಮತ್ತು ಪಿಜಿಯಲ್ಲಿ ಆಧಾರ್ ಜೆರಾಕ್ಸ್ ಕೇಳಿದಾಗ, ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಅನ್ನು, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಸೈಟಿನಿಂದ ಇಳಿಸಿಕೊಂಡು ಕೊಡಿ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾಳೆ, ವಯಸ್ಸು 22, ಕೆಲಸ ಸಿಕ್ಕಿದೆ. ಯಾವಾಗಲೂ ಲೊಕೇಶನ್ ಆನ್ ಇಟ್ಟು ನನಗೆ ಶೇರ್ ಮಾಡು ಅಂದರೆ ಜಗಳಕ್ಕೆ ಬರುತ್ತಾಳೆ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ತಾಯಿಗೆ ತೋರಿಸೋಕೆ ಏನು ಕಷ್ಟ? (ದಾವಣಗೆರೆ)

ಉತ್ತರ: ಅಮ್ಮ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ರಾತ್ರಿ ಹತ್ತು ಗಂಟೆಗೆ ಮಗಳು ಫೋನ್ ಎತ್ತದಿದ್ದರೆ ದಾವಣಗೆರೆಯಲ್ಲಿ ಕೂತು ಏನು ಮಾಡಲಾದೀತು? ಆದರೂ ಈ ವಿಷಯದಲ್ಲಿ ನಾನು ನಿಮ್ಮ ಮಗಳ ಕಡೆಗೇ. ಮುಚ್ಚಿಡುವಂಥದ್ದು ಇರುವವರಿಗೆ ಮಾತ್ರ ಖಾಸಗಿತನ ಬೇಕು ಅನ್ನುವ ಮಾತು ಸರಿಯಲ್ಲ. ಯಾವ ಗೆಳತಿಯ ಮನೆಗೆ ಹೋದಳು, ಯಾವ ಡಾಕ್ಟರ ಹತ್ತಿರ ಹೋದಳು, ಭಾನುವಾರ ಎಷ್ಟು ಹೊತ್ತಿನವರೆಗೆ ರೂಮಿನಲ್ಲೇ ಮಲಗಿದ್ದಳು, ಇದಕ್ಕೆಲ್ಲ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸುವ ವಯಸ್ಸು ಅವಳದಲ್ಲ.

ಒಂದು ಕೋರ್ಟ್ ತೀರ್ಪು ಹೇಳುತ್ತೇನೆ. ಮಾದಕವಸ್ತು ಪ್ರಕರಣವೊಂದರ ಆರೋಪಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ ತಾನಿರುವ ಜಾಗ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಅಂತ ಷರತ್ತು ಹಾಕಿದ್ದರು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನೇ ತೆಗೆದುಹಾಕಿತು. ಆರೋಪಿಯ ಓಡಾಟವನ್ನು ಪೊಲೀಸರು ಸದಾ ಗಮನಿಸುವಂತೆ ಮಾಡುವ ಜಾಮೀನು ಷರತ್ತು ಖಾಸಗಿತನದ ಹಕ್ಕಿಗೆ ಧಕ್ಕೆ ಅಂತ ಹೇಳಿತು. ಆರೋಪಿಗೇ ಅಷ್ಟು ಹಕ್ಕಿದೆ ಅಂದಮೇಲೆ ದುಡಿದು ತಿನ್ನುವ ನಿಮ್ಮ ಮಗಳಿಗೆ ಇರಬೇಡವೇ?

ಭಯಕ್ಕೆ ಬೇರೆ ದಾರಿ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಕಳಿಸಬಹುದು, ಹೊತ್ತು ಮುಗಿದ ಮೇಲೆ ತಾನೇ ನಿಲ್ಲುತ್ತದೆ. ರಾತ್ರಿ ಕ್ಯಾಬ್ ಹತ್ತುವಾಗ, ಗೊತ್ತಿಲ್ಲದ ಜಾಗಕ್ಕೆ ಹೋಗುವಾಗ, ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವಾಗ ಕಳಿಸು ಅಂತ ಕೇಳಿ. ಅದಕ್ಕೆ ಅವಳು ಖಂಡಿತ ಒಪ್ಪುತ್ತಾಳೆ ಅಂತ ನನಗನ್ನಿಸುತ್ತದೆ. ತುರ್ತು ಅಂದರೆ 112. ಈ ನಂಬರ್ ಇಬ್ಬರ ಫೋನಿನಲ್ಲೂ ಇರಲಿ. ಅವಳಿಗೆ ಗೊತ್ತಿಲ್ಲದ ಹಾಗೆ ಫೋನಿನಲ್ಲಿ ಯಾವ ಆ್ಯಪನ್ನೂ ಹಾಕಬೇಡಿ. ಒಂದು ದಿನ ಗೊತ್ತಾದರೆ ಅವಳು ಲೊಕೇಶನ್ ಜತೆಗೆ ಮಾತನ್ನೂ ನಿಲ್ಲಿಸಬಹುದು.

ಪ್ರಶ್ನೆ: ನಾನು ಎಲ್ಲಿಗೆ ಹೋದರೂ ನನ್ನ ಗಂಡನಿಗೆ ಗೊತ್ತಾಗುತ್ತದೆ. ತರಕಾರಿಗೆ ಹೋದವಳು ತವರಿನ ಕಡೆಯವರನ್ನು ಮಾತಾಡಿಸಿ ಬಂದರೆ ಮನೆಗೆ ಬರುವಷ್ಟರಲ್ಲಿ ಕೇಳುತ್ತಾರೆ. ಫೋನಿನಲ್ಲಿ ಏನೋ ಮಾಡಿದ್ದಾರೆ ಅನ್ನಿಸುತ್ತದೆ. ಊರು ಹಾಕಬೇಡಿ.

ಉತ್ತರ: ಅಕ್ಕಾ, ಮೊದಲ ಮಾತು: ಈಗಲೇ ಏನನ್ನೂ ಆಫ್ ಮಾಡಬೇಡಿ. ಥಟ್ಟನೆ ನಿಂತುಹೋದರೆ ಅವರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅದು ಜಾಸ್ತಿಯಾಗಬಹುದು. ಮೊದಲು ನಂಬುವವರೊಬ್ಬರಿಗೆ ಹೇಳಿ. ಆಮೇಲೆ ಅವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನಿಮ್ಮ ಫೋನಿನಿಂದ ಬೇಡ.

ನೋಡಬೇಕಾದ ಜಾಗಗಳು ಹೀಗಿವೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೊ ಒತ್ತಿದರೆ 'ಲೊಕೇಶನ್ ಶೇರಿಂಗ್' ಇರುತ್ತದೆ, ಯಾರ ಜೊತೆ ಹಂಚುತ್ತಿದೆ ಅಂತ ಅಲ್ಲಿ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ, ನಿಮ್ಮದಲ್ಲದ ಕಂಪ್ಯೂಟರೋ ಫೋನೋ ಇದ್ದರೆ ನಿಮ್ಮ ಮಾತುಕತೆಯೆಲ್ಲ ಅಲ್ಲೂ ಹೋಗುತ್ತಿದೆ. ಫೋನ್ ತಂದುಕೊಟ್ಟ ದಿನ ಗೂಗಲ್ ಖಾತೆ ಮಾಡಿಕೊಟ್ಟವರು ಅವರೇ ಆಗಿದ್ದರೆ ಪಾಸ್‌ವರ್ಡ್ ಅವರಿಗೂ ಗೊತ್ತು. ಎಷ್ಟೋ ಮನೆಗಳಲ್ಲಿ ಗೂಢಚಾರಿ ಆ್ಯಪ್ ಏನೂ ಇರುವುದಿಲ್ಲ, ಇಷ್ಟೇ ಇರುತ್ತದೆ. ಕಂಡಿದ್ದನ್ನು ಅಳಿಸುವ ಮೊದಲು ಬೇರೊಬ್ಬರ ಫೋನಿನಿಂದ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಸಾಕ್ಷಿಗೆ ಬೇಕಾಗುತ್ತದೆ. ಹೆಂಗಸು ಇಂಟರ್ನೆಟ್, ಇಮೇಲ್ ಬಳಸುವುದನ್ನು ಹಿಂಬಾಲಿಸಿ ನೋಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಗಂಡನಿಗೆ ಅಂತ ಅಲ್ಲಿ ವಿನಾಯಿತಿ ಬರೆದಿಲ್ಲ. ನೀವು ಪತ್ರ ಬರೆದದ್ದು ಒಳ್ಳೆಯದಾಯಿತು.

ಪ್ರಶ್ನೆ: ನನ್ನಂಥ ವಿದ್ಯಾರ್ಥಿಯ ಲೊಕೇಶನ್ ತೆಗೆದುಕೊಂಡು ಯಾರಿಗೆ ಏನು ಲಾಭ? ನಿಜವಾಗಲೂ ಮಾರುತ್ತಾರಾ? (ಮೈಸೂರು)

ಉತ್ತರ: ಮಾರುತ್ತಾರೆ. ಹೇಗೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ.

ಪುಕ್ಕಟೆ ಗೇಮ್ ಒಂದನ್ನು ತೆರೆಯುತ್ತೀರಿ ಅಂತಿಟ್ಟುಕೊಳ್ಳಿ. ಜಾಹೀರಾತು ಕಾಣಿಸುವ ಮೊದಲು, ಕಣ್ಣು ಮಿಟುಕಿಸುವಷ್ಟರಲ್ಲಿ, ಅದರ ಜಾಗಕ್ಕೆ ಹರಾಜು ನಡೆದಿರುತ್ತದೆ. ಹರಾಜಿಗೆ ಬಂದ ಕಂಪನಿಗಳಿಗೆಲ್ಲ ನಿಮ್ಮ ಬಗ್ಗೆ ಒಂದು ಚೀಟಿ ಹೋಗುತ್ತದೆ: ಯಾವ ಫೋನು, ಯಾವ ಆ್ಯಪ್, ಐಪಿ ವಿಳಾಸ, ಫೋನಿನ ಜಾಹೀರಾತು ಐಡಿ (ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ನಂಬರ್), ಎಷ್ಟೋ ಸಲ ಲೊಕೇಶನ್ ಕೂಡ. ಗೆಲ್ಲುವುದು ಒಂದೇ ಕಂಪನಿ. ಆದರೆ ಚೀಟಿ ಸೋತವರ ಕೈಯಲ್ಲೂ ಉಳಿಯುತ್ತದೆ. ಅದನ್ನು ಕೂಡಿಟ್ಟು ಮಾರುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ, ಡೇಟಾ ಬ್ರೋಕರ್ ಅನ್ನುತ್ತಾರೆ. ಇದಲ್ಲದೆ ಆ್ಯಪ್ ಮಾಡುವವರು ಬೇರೆ ಕಂಪನಿಗಳಿಂದ ತಂದು ಸೇರಿಸುವ ಕೋಡ್ ತುಂಡುಗಳಿರುತ್ತವೆ, ಅವೂ ಲೊಕೇಶನ್ ಅನ್ನು ನೇರವಾಗಿ ತಮ್ಮ ಕಂಪನಿಗೆ ಕಳಿಸಬಲ್ಲವು. ಲೊಕೇಶನ್ ನೋಡಲಿ ಅಂತ ನೀವು 'ಅಲೋ' ಒತ್ತಿದ್ದು ಗೇಮಿಗೆ. ನಿಮ್ಮ ಜಾಗ ತಲುಪಿದ್ದು ನೀವು ಹೆಸರೂ ಕೇಳಿರದವರಿಗೆ.

ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿತ್ತು ನೋಡಿ. ಮುಸ್ಲಿಂ ಪ್ರೊ ಅಂತ ನಮಾಜಿನ ಹೊತ್ತು ಮತ್ತು ದಿಕ್ಕು ತೋರಿಸುವ ಆ್ಯಪ್ ಇದೆ. ಅದನ್ನು ಬಳಸುವವರ ಲೊಕೇಶನ್ ಎಕ್ಸ್-ಮೋಡ್ ಅನ್ನುವ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. 2020ರಲ್ಲಿ ಈ ಸುದ್ದಿ ಹೊರಬಿತ್ತು. ದೇವರಿಗೆ ಕೈಮುಗಿಯಲು ದಿಕ್ಕು ಕೇಳಿದವರ ಮಾಹಿತಿ ಅದು. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಸ್ಪತ್ರೆ, ಪ್ರಾರ್ಥನಾ ಮಂದಿರದಂಥ ಸೂಕ್ಷ್ಮ ಜಾಗಗಳ ಲೊಕೇಶನ್ ಮಾರಬಾರದು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಗೆ ಕಟ್ಟು ಹಾಕಲು ಮುಂದಾದದ್ದು 2024ರ ಜನವರಿಯಲ್ಲಿ. ಮುಂದಿನ ವರ್ಷ ಅದೇ ಕಮಿಷನ್ ಜನರಲ್ ಮೋಟಾರ್ಸ್ ಮೇಲೆ ಕ್ರಮಕ್ಕೆ ಹೊರಟಿತು. ಕಾರು ಎಲ್ಲಿದೆ ಅನ್ನುವುದನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ದಾಖಲಿಸಿ, ಚಾಲಕರು ಹೇಗೆ ಓಡಿಸುತ್ತಾರೆ ಅನ್ನುವ ಮಾಹಿತಿಯನ್ನೂ ಮಾರುತ್ತಿದ್ದರು, ಅದರ ಮೇಲೆ ಇನ್ಶೂರೆನ್ಸ್ ಕಂತು ಏರುತ್ತಿತ್ತು ಅನ್ನುವುದು ಆರೋಪ.

"ಹೆಸರಿಲ್ಲದೆ ಮಾರುತ್ತೇವೆ, ಯಾರದು ಅಂತ ಗೊತ್ತಾಗಲ್ಲ" ಅಂತ ಕಂಪನಿಗಳು ಹೇಳುತ್ತವೆ. ನಂಬಬೇಡಿ. 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ಇಟ್ಟುಕೊಂಡು 2013ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಎಲ್ಲಿ, ಎಷ್ಟು ಹೊತ್ತಿಗೆ ಇದ್ದರು ಅನ್ನುವ ನಾಲ್ಕೇ ನಾಲ್ಕು ಮಾಹಿತಿ ಇದ್ದರೆ ಶೇ 95ರಷ್ಟು ಜನರನ್ನು ಗುಂಪಿನಿಂದ ಬೇರೆ ಮಾಡಿ ಗುರುತಿಸಬಹುದು ಅಂತ ಅದರಲ್ಲಿ ಗೊತ್ತಾಯಿತು. ರಾತ್ರಿ ಇರುವ ಜಾಗ ಮನೆ, ಹಗಲು ಇರುವ ಜಾಗ ಕಾಲೇಜು. ಇವೆರಡು ಗೊತ್ತಾದ ಮೇಲೆ ಹೆಸರು ಕಂಡುಹಿಡಿಯುವುದು ಎಷ್ಟು ಹೊತ್ತು?

ನೀವು ಮಾಡಬೇಕಾದದ್ದು: ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಅಂತ ಹೋಗಿ ಜಾಹೀರಾತು ಐಡಿಯನ್ನು ಅಳಿಸಿ. ಐಫೋನ್ ಆದರೆ 'ಟ್ರ್ಯಾಕ್ ಮಾಡಲು ಬಿಡಬೇಕೇ' ಅಂತ ಆ್ಯಪ್ ಕೇಳಿದಾಗ ಬೇಡ ಅನ್ನಿ. ಹವಾಮಾನದ ಆ್ಯಪ್‌ಗೆ ಊರು ಗೊತ್ತಾದರೆ ಸಾಕು, ನಿಖರ ಜಾಗ ಬೇಕಿಲ್ಲ. ಆಂಡ್ರಾಯ್ಡ್ 12ರಿಂದ 'ಅಂದಾಜು ಜಾಗ' ಮಾತ್ರ ಕೊಡುವ ಆಯ್ಕೆ ಇದೆ. ಟಾರ್ಚ್‌ಗೆ, ಕ್ಯಾಲ್ಕುಲೇಟರ್‌ಗೆ, ಗೇಮಿಗೆ ಲೊಕೇಶನ್ ಯಾಕೆ? ಕೇಳಿದರೆ ಆ ಆ್ಯಪನ್ನೇ ತೆಗೆದುಬಿಡಿ.

ಪ್ರಶ್ನೆ: ಆ್ಯಪ್‌ನಲ್ಲಿ 8 ಸಾವಿರ ಸಾಲ ತೆಗೆದುಕೊಂಡೆ. ಕಂತು ತಪ್ಪಿದ್ದಕ್ಕೆ ನನ್ನ ಕಾಂಟ್ಯಾಕ್ಟ್‌ನಲ್ಲಿದ್ದವರಿಗೆಲ್ಲ ಕರೆ ಮಾಡಿ ಕಳ್ಳ ಅಂತಿದ್ದಾರೆ. ಮಾವನಿಗೂ ಮಾಡಿದ್ದಾರೆ. ತಲೆ ಎತ್ತೋಕೆ ಆಗ್ತಿಲ್ಲ. (ರಾಯಚೂರು)

ಉತ್ತರ: ತಮ್ಮಾ, ತಲೆ ತಗ್ಗಿಸಬೇಕಾದವರು ಅವರು. ಸಾಲ ಕೊಡುವ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೊ, ಕಾಲ್ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಕ್ಯಾಮೆರಾ, ಮೈಕ್, ಲೊಕೇಶನ್‌ನಂಥವನ್ನು ಮಾತ್ರ ಮುಟ್ಟಬಹುದು, ಅದೂ ಕೆವೈಸಿಗೆ, ಅಂದರೆ ನಿಮ್ಮ ಗುರುತು ಪರಿಶೀಲನೆಗೆ ಅಂತ ಒಂದೇ ಸಲ, ಅದೂ ನೀವು ಒಪ್ಪಿದರೆ. ಹಾಗಾಗಿ ನಿಮ್ಮ ಮಾವನ ನಂಬರ್ ಅವರ ಕೈಯಲ್ಲಿ ಇರುವುದೇ ನಿಯಮ ಮುರಿದದ್ದರ ಗುರುತು.

ಆ್ಯಪ್ ಅಳಿಸಿದರೂ ಅವರ ಹತ್ತಿರ ಹೋದ ಪಟ್ಟಿ ವಾಪಸ್ ಬರುವುದಿಲ್ಲ. ಅಳಿಸುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ: ಸಾಲದ ಮೊತ್ತ, ಕಟ್ಟಿದ್ದು, ಬೆದರಿಕೆ ಮೆಸೇಜು, ಕರೆ ಬಂದ ನಂಬರ್. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ನೇರ ಹೋಗಿ. ನೆಂಟರಿಗೆ ನೀವೇ ಮೊದಲು ಹೇಳಿಬಿಡಿ, "ಇಂಥ ಆ್ಯಪ್‌ನವರು ಕರೆ ಮಾಡುತ್ತಾರೆ, ಸುಮ್ನೆ ಕಟ್ ಮಾಡಿ" ಅಂತ. ನೆಂಟರಿಗೆ ಮೊದಲೇ ಗೊತ್ತಿದ್ದರೆ ಬೆದರಿಕೆಯ ಬಿಸಿ ಇಳಿದುಹೋಗುತ್ತದೆ. ಕಟ್ಟಲೆಂದು ಇನ್ನೊಂದು ಆ್ಯಪ್‌ನಿಂದ ಸಾಲ ತೆಗೆಯಬೇಡಿ. ಆರ್‌ಬಿಐ ಲೈಸೆನ್ಸ್ ಇರುವ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ಸೈಟಿನಲ್ಲೇ ಇದೆ. ನಿಮ್ಮದು ಅದರಲ್ಲಿದೆಯಾ ನೋಡಿ.

ರಾತ್ರಿ ನಿದ್ದೆ ಬರದೆ ಕೆಟ್ಟ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಂಟು ಸಾವಿರ ರೂಪಾಯಿ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಪ್ರಶ್ನೆ: ಇದಕ್ಕೆಲ್ಲ ನಮ್ಮಲ್ಲಿ ಕಾನೂನು ಇಲ್ಲವೇ? ಸರ್ಕಾರವೇ ತೆಗೆದುಕೊಂಡರೆ ಯಾರನ್ನು ಕೇಳುವುದು? (ಮಂಗಳೂರು, ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಕಾನೂನಿನ ಕತೆ ಶುರುವಾಗುವುದೇ ನಮ್ಮ ರಾಜ್ಯದ ಒಬ್ಬ ಹಿರಿಯರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ಇವತ್ತು ನಾವು ಈ ಮಾತಾಡುವುದಕ್ಕೆ ಅವರು ಕಾರಣ.

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಾದ ಮೇಲೆ, ಅಂದರೆ 2027ರ ಮೇ ಹೊತ್ತಿಗೆ, ಜಾರಿಯಾಗಬೇಕು. ಏನು ತೆಗೆದುಕೊಳ್ಳುತ್ತೇವೆ, ಯಾಕೆ ಅಂತ ತಿಳಿಸಿ ಒಪ್ಪಿಗೆ ಕೇಳಬೇಕು. ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಅಳಿಸಿ ಅಂತ ಕೇಳಬಹುದು. ಆ ತಿಳಿವಳಿಕೆ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ. ಈ ಒಂದು ಅಂಶವನ್ನು ನಾವು ಕನ್ನಡಿಗರು ಬಿಡಲೇಬಾರದು. ಓದಿ ಅರ್ಥವಾಗದ ಹಾಳೆಗೆ ಒಪ್ಪಿಗೆ ಕೊಡುವುದು ಒಪ್ಪಿಗೆಯೇ ಅಲ್ಲ. ಕನ್ನಡದಲ್ಲಿ ಕೊಡಿ ಅಂತ ಈಗಿನಿಂದಲೇ ಬ್ಯಾಂಕಿಗೆ, ಆಸ್ಪತ್ರೆಗೆ, ಆ್ಯಪ್‌ನವರಿಗೆ ಕೇಳುತ್ತಾ ಹೋಗೋಣ.

ಕೊರತೆಗಳೂ ಇವೆ. ಮಾಹಿತಿ ಸೋರದಂತೆ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ, ಆದರೆ ದಂಡದ ಹಣ ಸರ್ಕಾರದ ಖಜಾನೆಗೆ. ನೊಂದವರಿಗೆ ಪರಿಹಾರ ಅಂತ ಆ ಕಾಯ್ದೆಯಲ್ಲಿ ಏನೂ ಇಲ್ಲ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯೂ ಇದೆ, ನಿಮ್ಮ ಎರಡನೇ ಪ್ರಶ್ನೆ ಅಲ್ಲೇ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರು ರಾತ್ರಿ ಮಲಗುವ ಹೊತ್ತು ಬಿಟ್ಟು ಗಂಟೆಗೊಮ್ಮೆ ಲೊಕೇಶನ್ ಸಮೇತ ಸೆಲ್ಫಿ ಕಳಿಸಬೇಕು ಅಂತ ನಮ್ಮ ರಾಜ್ಯ ಸರ್ಕಾರವೇ ಆದೇಶ ಮಾಡಿತ್ತು, ಮನೆ ವಿಳಾಸಗಳ ಪಟ್ಟಿಯನ್ನೂ ಹೊರಗೆ ಹಾಕಿತ್ತು. ಕಾಯಿಲೆಯ ಭಯದ ದಿನಗಳು, ಒಪ್ಪುತ್ತೇನೆ. ಆದರೂ ವಿಳಾಸವನ್ನು ಊರಿಗೆಲ್ಲ ತಿಳಿಸುವುದು ಬೇಕಿರಲಿಲ್ಲ. ಆ ಸೆಲ್ಫಿಗಳನ್ನೆಲ್ಲ ಅಳಿಸಿದ್ದೀರಾ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದಾದ ಪ್ರಶ್ನೆ ಅದು. ನಿಮ್ಮಂಥವರು ಹಾಕಿದರೆ ಬಹಳ ಒಳ್ಳೆಯದು.

ಪ್ರಶ್ನೆ: ತೋಟದ ಮನೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಜಾಗ ಗೊತ್ತಾಗುತ್ತದಾ? (ಸಾಗರ)

ಉತ್ತರ: ಫೋಟೊ ಆಗಿ ಕಳಿಸಿದರೆ ಅದರೊಳಗಿನ ಲೊಕೇಶನ್ ಹೋಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೊಕೇಶನ್ ಆಫ್ ಮಾಡಿಬಿಟ್ಟರೆ ಆ ಚಿಂತೆಯೂ ಇಲ್ಲ.

ಪ್ರಶ್ನೆ: ಡೆಲಿವರಿ ಕೆಲಸ ಮಾಡುತ್ತೇನೆ. ಲಾಗೌಟ್ ಆದ ಮೇಲೂ ಆ್ಯಪ್ ನಾನಿರುವ ಜಾಗ ನೋಡುತ್ತದಾ? ಲೊಕೇಶನ್ ಆಫ್ ಮಾಡಿದರೆ ಆರ್ಡರ್ ಬರುವುದಿಲ್ಲ. (ಬೆಂಗಳೂರು)

ಉತ್ತರ: ಲೊಕೇಶನ್ ಪರ್ಮಿಷನ್ 'ಯಾವಾಗಲೂ' ಅಂತ ಇದ್ದರೆ ನೋಡಲು ಸಾಧ್ಯ. ಸೆಟ್ಟಿಂಗ್ಸ್‌ನ ಪ್ರೈವಸಿ ಡ್ಯಾಶ್‌ಬೋರ್ಡ್‌ನಲ್ಲಿ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಲೊಕೇಶನ್ ಮುಟ್ಟಿದೆ ಅಂತ ಕಾಣುತ್ತದೆ. ರಾತ್ರಿ ಮಲಗಿದ ಹೊತ್ತಿನದನ್ನು ನೋಡಿ. ಅಲ್ಲಿ ಅದರ ಹೆಸರಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 'ಆ್ಯಪ್ ಬಳಸುವಾಗ ಮಾತ್ರ' ಅಂತ ಬದಲಿಸಿ ಒಂದು ದಿನ ಓಡಿಸಿ ನೋಡಿ. ಆರ್ಡರ್ ಬಂದರೆ ಹಾಗೇ ಇರಲಿ. ಬರದಿದ್ದರೆ ಕೆಲಸದ ಹೊತ್ತಿಗೆ ಕೊಟ್ಟು, ಲಾಗೌಟ್ ಆದ ಮೇಲೆ ಪರ್ಮಿಷನ್ ತೆಗೆಯಿರಿ. ದಿನಾ ಹೀಗೆ ಮಾಡುವುದು ಕಿರಿಕಿರಿ, ಗೊತ್ತು. ಈ ಕೆಲಸ ನಿಮ್ಮ ಮೇಲೆ ಬಿದ್ದಿರುವುದೇ ಅನ್ಯಾಯ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ, ಅಂದರೆ ನಿಮ್ಮ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ ಅಂತಲೇ ಕಾಯ್ದೆ ಮಾಡಿದೆ. ಆ್ಯಪ್ ತಾನಾಗಿಯೇ ನಿಮ್ಮ ಮೇಲೆ ಕಣ್ಣಿಡುವ, ನಿಮ್ಮ ಬಗ್ಗೆ ನಿರ್ಧಾರ ಮಾಡುವ ವ್ಯವಸ್ಥೆ ಇದ್ದರೆ ಅದನ್ನು ಕಾರ್ಮಿಕರಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಲಾಗೌಟ್ ಆದ ಮೇಲಿನ ಲೊಕೇಶನ್ ಯಾಕೆ ಬೇಕು ಅಂತ ಕಂಪನಿಗೆ ಬರಹದಲ್ಲಿ ಕೇಳಿ. ನಿಮ್ಮ ಯೂನಿಯನ್ ಇದ್ದರೆ ಎಲ್ಲರೂ ಸೇರಿ ಕೇಳಿ. ಉತ್ತರ ಬಂದರೆ, ಬರದಿದ್ದರೂ, ನಮಗೆ ಬರೆಯಿರಿ.